ನಿನ್ನೆ ಬಂದವನು

ಐವತ್ತೆಂಟರ ಬೇಸಗೆಯಲ್ಲಿ ನಾನು ಜೈಲಿನಲ್ಲಿದ್ದಾಗ, ಅವ್ವ ಸಾಯುವ ಸ್ಥಿತಿಯಲ್ಲಿದ್ದಾಳೆಂದು ತಂತಿ ಬಂತು. ರಜೆ ಕೊಟ್ಟು, ಪೊಲೀಸ್ ಮಾರಪ್ಪನವರ ಕಾವಲಿನಲ್ಲಿ ಕಳಿಸಿದರು. ಶಿಕಾರಿಪುರದಲ್ಲಿ ಬಸ್ಸು ಕೆಟ್ಟಿತು. ಆ ರಾತ್ರಿ ಅಲ್ಲಿನ ಠಾಣೆಯಲ್ಲೇ ಉಳಿದೆವು.

ಮರುದಿನ ಬಿಸಿಲಲ್ಲಿ ಬಳಲಿ ನಮ್ಮೂರು ಜಡೆಯ ಮನೆ ಮುಟ್ಟಿದಾಗ ಅವ್ವ ತೀರಿಕೊಂಡಿದ್ದಳು. ಯಾರೂ ನನ್ನನ್ನು ತಬ್ಬಿ ಅಳಲಿಲ್ಲ. ತಂಗಿ ತುಂಗಮ್ಮ ಬಾಗಿಲಲ್ಲೇ ತಡೆದಳು.

"ಅಣ್ಣ ನಿನ್ನೆ ಸಂಜೇನೇ ಬಂದಿದ್ದ. ಅವ್ವನ ಜೀವ ಹೋದ್ಮೇಲೆ ಎದ್ದು ಹೋದ."

"ನಾನೇ ಕಣೇ ನಿನ್ನಣ್ಣ. ಈಗ ಬರ್ತಿದೀನಿ."

"ಅವ್ವಂಗೆ ಗಂಜಿ ಕುಡಿಸ್ದ, ಕೈ ಹಿಡ್ಕೊಂಡು ಕೂತ. ಕೈ ಯಾಕೋ ಮಗ ಇಷ್ಟು ತಣ್ಣಗೈತೆ ಅಂತ ಅವ್ವ ಕೇಳ್ತಾನೇ ಇದ್ಲು. ಅವನು ಮಾತಾಡ್ಲಿಲ್ಲ."

"ಇಲ್ಲ ಕಣಮ್ಮ, ಇವ್ನು ನಿನ್ನೆಯೆಲ್ಲ ನನ್ನ ಜೊತೆಗಿದ್ದ" ಎಂದರು ಮಾರಪ್ಪನವರು.

ತುಂಗಮ್ಮ ಬಾಗಿಲು ಬಿಟ್ಟು ಸರಿದಳು. ಅವ್ವನ ಪಕ್ಕದ ಚಾಪೆಯಲ್ಲಿ ಒಬ್ಬರು ಕೂತಷ್ಟು ಜಾಗ ಒದ್ದೆಯಾಗಿತ್ತು. ವಾದಿಸಲು ನನ್ನಲ್ಲಿ ತ್ರಾಣವಿರಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟು, ಸಂಜೆ ಜೈಲಿಗೆ ಹಿಂದಿರುಗಿದೆ.

ಸಜೆ ಮುಗಿಸಿ ಬಂದು ಅದೇ ಮನೆಯಲ್ಲಿ ಬದುಕಿದೆ. ತುಂಗಮ್ಮ ಹಬ್ಬಕ್ಕೆ ಬರುತ್ತಿದ್ದಳು, ಊಟ ಬಡಿಸುತ್ತಿದ್ದಳು. ಆದರೆ ಸಾಯುವ ತನಕ ನನ್ನನ್ನು ಅಣ್ಣ ಎಂದು ಕರೆಯಲಿಲ್ಲ.