ಕಲ್ಲಿನ ಒಳಮೈಯ ಮೀನು

ಬಹಳ ಹಿಂದಿನ ಮಾತು. ಉತ್ತರದ ಮಂಜುಗಡಲಿನ ರಾಜ್ಯವೊಂದರಲ್ಲಿ ದಾರಿ ತಪ್ಪಿದ ದೇಮವ್ವ, ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಕಡಲನಾಯಿಯನ್ನು ಕೇಳಿದಳು: “ಅಣ್ಣಾ, ಸೂರೋಜನವರು ಕಟ್ಟಿದ ಕೋಟೆಗೆ ಯಾವ ಕಡೆ ಹೋಗಲಿ?”

ಅವಳ ಹೆಗಲ ಮೇಲಿದ್ದದ್ದು ಸೂರೋಜನದೇ ಕಂಬಳಿ. ಹಿಂದೊಮ್ಮೆ ಹಿಮದಲ್ಲಿ ಸಾಯುತ್ತಿದ್ದವಳಿಗೆ ಅದನ್ನು ಹೊದಿಸಿ, ನಿದ್ದೆಗೆ ಜಾರದಂತೆ ಕೋಟೆ ಕಟ್ಟಿದ ಗುಟ್ಟುಗಳ ಕತೆ ಹೇಳುತ್ತ ಬದುಕಿಸಿದವನು ಆ ಕಲ್ಲುಕುಟಿಗ. ಮರಳಿ ತಂದುಕೊಡುತ್ತೇನೆಂದು ಹೋದವಳು ಲೋಕವೆಲ್ಲ ಸುತ್ತಿ ಈಗ ಬಂದಿದ್ದಳು.

“ಆ ಹೆಸರು ಮೆಲ್ಲಗೆ ಹೇಳು ತಾಯಿ,” ಎಂದಿತು ಕಡಲನಾಯಿ. “ಕೋಟೆ ಹಾಳುಬಿದ್ದಿದೆ. ಅದನ್ನು ತಾನೇ ಮಂತ್ರ ಹಾಕಿ ಎಬ್ಬಿಸಿದ್ದು ಅಂತ ಮಾಂತ್ರಿಕ ವಿಕಟಾಂಗ ಮೆರೆಯುತ್ತಿದ್ದಾನೆ. ಅಲ್ಲ ಎಂದ ಕಲ್ಲುಕುಟಿಗರೆಲ್ಲ ಕಡಲಹಕ್ಕಿಗಳಾಗಿದ್ದಾರೆ, ಸೂರೋಜನೂ. ಆ ಸುಳ್ಳು ಅವನೆದುರೇ ಬಯಲಾದರೆ ಮಾತ್ರ ಅವರಿಗೆ ಬಿಡುಗಡೆ.”

ದೇಮವ್ವನ ಮೈ ಉರಿದುಹೋಯಿತು. ಮೂರು ತಲೆಮಾರು ಬೆರಳು ಜಜ್ಜಿಕೊಂಡು ಕಟ್ಟಿದ್ದನ್ನು ಇವನು ಬಾಯಲ್ಲೇ ಕಟ್ಟಿ ಮುಗಿಸಿದನೆ?

ಕೋಟೆಬಾಗಿಲಲ್ಲಿ ವಿಕಟಾಂಗ ಅಡ್ಡ ನಿಂತ. “ಕೈ ಮುಗಿ. ಇಲ್ಲದಿದ್ದರೆ ನೀನೂ ಹಕ್ಕಿ.”

“ಮುಗಿಯೋಣಂತೆ. ಕಟ್ಟಿದವನಲ್ಲವೆ, ಮೂರು ಮಾತು ಹೇಳು. ಈ ಬಾಗಿಲ ಚಾವಣಿಯಲ್ಲಿ ತೂತು ಯಾಕೆ?”

“ಬೆಳಕಿಗೆ.”

“ಹಗೆಗಳ ನೆತ್ತಿಗೆ ಕಾದ ಮರಳು ಸುರಿಯುವುದಕ್ಕೆ.” ಅವನ ಮಂತ್ರದಂಡ ಗೇಣುದ್ದ ಕುಗ್ಗಿತು.

“ಗೋಪುರದ ಸುತ್ತುಮೆಟ್ಟಿಲು ಬಲಕ್ಕೇ ತಿರುಗುವುದು ಯಾಕೆ?”

“ಚಂದಕ್ಕೆ.”

“ಏರಿ ಬರುವವನ ಕತ್ತಿ ನಡುಗಂಬಕ್ಕೆ ಬಡಿಯಲಿ ಅಂತ. ನೀನು ಒಮ್ಮೆಯೂ ಹತ್ತಿದ ಹಾಗಿಲ್ಲ.” ದಂಡ ಇನ್ನೂ ಗೇಣು ಕುಗ್ಗಿತು.

“ಸರಿ, ಇಲ್ಲಿ ಬಿದ್ದ ಈ ಕಲ್ಲಿನ ಒಳಮೈಯಲ್ಲಿ ಏನಿದೆ?”

ವಿಕಟಾಂಗ ನಕ್ಕ. ಗೋಡೆಯ ಹೊರಗೆ ಕಾಣುತ್ತಿದ್ದ ಕಲ್ಲುಕುಟಿಗರ ಗುರುತುಗಳನ್ನೆಲ್ಲ ಅವನೇ ಉಜ್ಜಿ ಅಳಿಸಿದ್ದ. “ಗೋಡೆಯೊಳಗೆ ಹುದುಗುವ ಮೈಗೆ ಯಾವ ಹುಚ್ಚ ಕೆತ್ತುತ್ತಾನೆ? ಏನೂ ಇಲ್ಲ.”

ದೇಮವ್ವ ಕಲ್ಲನ್ನು ಮಗುಚಿದಳು. ಅಲ್ಲಿತ್ತು ಸೂರೋಜನ ಮನೆತನದ ಗುರುತು: ಒಂದು ಮೀನು, ಉಳಿಯ ಗೀರು ಕೂಡ ಮಾಸಿರಲಿಲ್ಲ. ಕೋಟೆ ಬಿದ್ದದ್ದಕ್ಕೇ ಅದು ಬೆಳಕು ಕಂಡಿತ್ತು. ಅಂಗಳದ ಕಲ್ಲುಗಳೆಲ್ಲ ತಾವಾಗಿಯೇ ಮಗುಚಿಕೊಂಡವು. ಮೀನು, ಚಂದ್ರ, ಬಾಣ, ಬಾಚಣಿಗೆ, ಒಬ್ಬೊಬ್ಬರದು ಒಂದೊಂದು. ದಂಡ ಹಲ್ಲುಕಡ್ಡಿಯಾಯಿತು. ಹಕ್ಕಿಗಳು ಇಳಿದು ಮನುಷ್ಯರಾದವು.

ಕೋಟೆ ಮತ್ತೆ ಎದ್ದಿತು, ನಾಡಿಗೆ ನೆಮ್ಮದಿಯಾಯಿತು. ಸುಣ್ಣದ ಬುಟ್ಟಿ ಹೊರುವ ಕೆಲಸ ವಿಕಟಾಂಗನಿಗೇ ಸಿಕ್ಕಿತು.

ಅದೆಲ್ಲ ಆಮೇಲೆ. ಆ ದಿನ ರೆಕ್ಕೆಪುಕ್ಕ ಉದುರಿದ ಸೂರೋಜ ಕಡಲಗಾಳಿಗೆ ನಡುಗುತ್ತ ನಿಂತಿದ್ದ. “ಬಹಳ ತಡ ಮಾಡಿದೆ ತಂಗಿ.”

“ಎರಡು ಕಡೆ ತೇಪೆ ಬಿದ್ದಿದೆ ಅಣ್ಣ,” ಎಂದು ದೇಮವ್ವ ಕಂಬಳಿ ಬಿಚ್ಚಿ ಅವನಿಗೆ ಹೊದಿಸಿದಳು.