ನಲವತ್ತೇಳನೇ ಮೊಳೆ

ಮೊಳೆ ಖಾಲಿಯಾಗಿತ್ತು.

ಹೆಡಿ ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದಳು. ಹೋಟೆಲಿನ ಕೌಂಟರಿನ ಹಿಂದಿನ ಗೋಡೆಯಲ್ಲಿ ಸಾಲು ಸಾಲು ಮೊಳೆಗಳು. ಒಂದೊಂದಕ್ಕೂ ನಂಬರು, ಒಂದೊಂದರಲ್ಲೂ ಯಾರೋ ಒಬ್ಬ ಖಾಯಂ ಗಿರಾಕಿಯ ಬಿಯರ್ ಮಗ್. ನಲವತ್ತಾರು ಪೋಸ್ಟ್‌ಮ್ಯಾನ್‌ದು, ನಲವತ್ತೆಂಟು ಹಲ್ಲಿನ ಡಾಕ್ಟರದು. ನಡುವಿನದು ಅಪ್ಪನದು. ಅಪ್ಪ ತೀರಿಕೊಂಡು ಎರಡು ವರ್ಷವಾದರೂ ಅದನ್ನು ಯಾರೂ ಮುಟ್ಟಿರಲಿಲ್ಲ.

"ಅಣ್ಣಾ, ಅಪ್ಪನ ಮಗ್ ಇಲ್ಲ!"

"ತೊಳೆಯೋಕೆ ತೆಗೆದಿರ್ತಾರೆ ಬಿಡೇ," ಎಂದ ಕ್ಲೆಮ್. ಇವತ್ತಿಗೆ ಅವನಿಗೆ ಹದಿನೆಂಟು ತುಂಬಿತ್ತು. ಕೂದಲಿಗೆ ಅರ್ಧ ಡಬ್ಬಿ ಜೆಲ್ ಮೆತ್ತಿಕೊಂಡು ಬಂದಿದ್ದ.

ತೊಳೆಯೋಕಂತೆ! ಕದ್ದವರು ಯಾರೆಂದು ಹೆಡಿಗೆ ಗೊತ್ತಿತ್ತು. ಅವನು ಎದುರಿಗೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ.

ಅವನೇ ರಾಯ್ಸ್. ಅಮ್ಮ ಅವನನ್ನು ಮದುವೆಯಾಗಿ ಎಂಟು ತಿಂಗಳಾಗಿತ್ತು. ಶುಕ್ರವಾರ ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ಹಾಗಾಗಿ ಕರಿದ ಮೀನಿನ ಊಟಕ್ಕೆ ಅವನೇ ಇವರನ್ನು ಕರೆತರುತ್ತಿದ್ದ. ಪ್ರತಿ ಸಲವೂ ಹೆಡಿ ತನ್ನ ಪಕ್ಕದ ಕುರ್ಚಿಯ ಮೇಲೆ ಕೋಟು ಹಾಸಿಬಿಡುತ್ತಿದ್ದಳು. ರಾಯ್ಸ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ಯಾರಾದರೂ ಬಾಗಿಲು ತೆರೆದರೆ ಹಿಮದ ಗಾಳಿ ನೇರ ಅವನ ಬೆನ್ನಿಗೇ ಬಡಿಯುತ್ತಿತ್ತು. ಬಡಿಯಲಿ ಎಂದುಕೊಳ್ಳುತ್ತಿದ್ದಳು ಹೆಡಿ.

ಮಂಗಳವಾರ ಸ್ಕೂಲ್ ಬಸ್ಸಿನಿಂದ ಅವಳು ಎಲ್ಲ ನೋಡಿದ್ದಳು. ರಾಯ್ಸ್ ಇದೇ ಹೋಟೆಲಿನಿಂದ ಒಂದು ಪೇಪರ್ ಬ್ಯಾಗನ್ನು ಎದೆಗವಚಿಕೊಂಡು ಹೊರಗೆ ಬರುತ್ತಿದ್ದ. ಸಂಜೆ ಅವಳು ಗ್ಯಾರೇಜಿಗೆ ನುಗ್ಗಿದಾಗ ಏನನ್ನೋ ಗಬಕ್ಕನೆ ಬಟ್ಟೆಯ ಕೆಳಗೆ ಮುಚ್ಚಿದ್ದ. "ಏನಿಲ್ಲ ಏನಿಲ್ಲ, ಒಳಗೆ ಹೋಗು, ಚಳಿ ಇದೆ" ಎಂದಿದ್ದ.

ಅದೇ ಬ್ಯಾಗು ಈಗ ಅವನ ಕುರ್ಚಿಯ ಕೆಳಗಿತ್ತು!

ಅಪ್ಪನ ಮನೆ ಆಯ್ತು, ಅಪ್ಪನ ಗ್ಯಾರೇಜ್ ಆಯ್ತು. ಈಗ ಅಪ್ಪನ ಮಗ್‌ನಲ್ಲೇ ಕುಡಿಯಬೇಕಂತೆ ಇವನಿಗೆ! ಹೆಡಿ ಒಳಗೊಳಗೇ ಕುದಿದಳು.

ಆರ್ಡರ್ ತೆಗೆದುಕೊಳ್ಳಲು ಬಂದ ಹುಡುಗಿ ಹೊಸಬಳು. ಬ್ರೆನ್ನಾ ಎಂದು ಎದೆಯ ಮೇಲೆ ಹೆಸರಿತ್ತು.

"ಮೂರು ಮೀನಿನ ಪ್ಲೇಟ್," ಎಂದ ರಾಯ್ಸ್. "ಒಂದು ಬಿಯರ್. ನನಗಲ್ಲ, ಇವನಿಗೆ. ಇವತ್ತು ಹುಟ್ಟಿದಬ್ಬ."

ಕ್ಲೆಮ್ ಎದೆಯುಬ್ಬಿಸಿ ಲೈಸೆನ್ಸ್ ತೋರಿಸಿದ. ಹದಿನೆಂಟಾದ ದಿನ ಮೊದಲ ಬಿಯರ್ ಇಲ್ಲೇ ಕೊಡಿಸುತ್ತೇನೆ ಎಂದು ಅಪ್ಪ ಅವನಿಗೆ ಮಾತು ಕೊಟ್ಟಿದ್ದರು.

"ಹದಿನೆಂಟಾದ್ರೆ ವೋಟ್ ಹಾಕ್ಬೋದು ಕಣಪ್ಪ. ಬಿಯರ್‌ಗೆ ಇಪ್ಪತ್ತೊಂದಾಗ್ಬೇಕು," ಎಂದು ನಕ್ಕಳು ಬ್ರೆನ್ನಾ. "ಅಪ್ಪನೋ ಅಮ್ಮನೋ ಜೊತೆಗಿದ್ರೆ ಮಾತ್ರ ನಮ್ ವಿಸ್ಕಾನ್ಸಿನ್‌ನಲ್ಲಿ ಕೊಡ್ಬೋದು. ಸರ್, ನೀವು ಇವನ ಅಪ್ಪ ತಾನೇ?"

"ಅಮ್ಮನ ಗಂಡ ಆದ್ರೆ ನಡೆಯಲ್ವಾ? ನಡೆಯುತ್ತೆ ಅಂದ್ಕೊಂಡಿದ್ದೆ."

"ಎಲ್ರೂ ಹಾಗೇ ಅಂದ್ಕೊಂಡಿರ್ತಾರೆ ಸರ್. ಮಲತಂದೆ ಆದ್ರೆ ನಡೆಯಲ್ಲ. ಸ್ವಂತ ಅಪ್ಪನಾ ಅಂತ ಹೇಳಿ, ಅಷ್ಟೇ."

ಕ್ಲೆಮ್ ಮೇಜಿನ ಕೆಳಗೆ ರಾಯ್ಸ್‌ನ ಕಾಲು ತುಳಿದು ಪಿಸುಗುಟ್ಟಿದ. "ಹ್ಞೂಂ ಅಂದ್ಬಿಡಿ! ಅವಳಿಗೇನು ಗೊತ್ತಾಗುತ್ತೆ?"

ಹೆಡಿ ರಾಯ್ಸ್‌ನ ಬಾಯನ್ನೇ ನೋಡಿದಳು. ಈಗ ಹ್ಞೂಂ ಅಂತಾನೆ. ಖಂಡಿತ ಅಂತಾನೆ.

ರಾಯ್ಸ್ ಬೆಣ್ಣೆಯ ಚಾಕು ಕೆಳಗಿಟ್ಟ.

"ಅಲ್ಲಮ್ಮ. ಇವರಪ್ಪನ ಹೆಸರು ಗಸ್. ಅಗೋ, ಆ ನಲವತ್ತೇಳನೇ ಮೊಳೆ ಅವರದು. ನಾನು ಅವರಾಗೋಕೆ ಆಗಲ್ಲ."

ಕ್ಲೆಮ್‌ನ ಮುಖ ಬಾಡಿತು. ರಾಯ್ಸ್ ಬಗ್ಗಿ ಬ್ಯಾಗಿನಿಂದ ಮಗ್ ತೆಗೆದು ಅವನ ಮುಂದಿಟ್ಟ. ಹಿಡಿಯ ಸುತ್ತ ಅಂಟಿನ ತೆಳುವಾದ ಗೆರೆ ಕಾಣುತ್ತಿತ್ತು.

"ಹಿಡಿ ಬಿರುಕು ಬಿಟ್ಟಿತ್ತು ಕಣೋ. ನಿನ್ನ ಹುಟ್ಟಿದಬ್ಬಕ್ಕೆ ಸರಿ ಮಾಡಿಕೊಡೋಣ ಅಂತ ಹೋಟೆಲಿನವರನ್ನ ಕೇಳಿ ತಗೊಂಡೆ. ಮೂರು ಸಲ ಅಂಟಿಸಿದೆ, ಹಾಳಾದ್ದು ಮೂರು ಸಲಾನೂ ಬಿಟ್ಕೊಳ್ತು! ನಾಲ್ಕನೇ ಸಲ ನಿಂತ್ಕೊಳ್ತು." ಅವನು ಬ್ರೆನ್ನಾ ಕಡೆ ತಿರುಗಿದ. "ಇದರಲ್ಲಿ ರೂಟ್ ಬಿಯರ್ ಹಾಕ್ಕೊಡಿ. ಅದು ಬರೀ ಸಿಹಿ ಸೋಡಾ, ಅದಕ್ಕೆ ಅಪ್ಪ ಬೇಕಿಲ್ವಲ್ಲ? ಮುಂದಿನ ವಾರ ಇವರಮ್ಮನ್ನ ಕರ್ಕೊಂಡ್ ಬರ್ತೀನಿ, ಆಗ ಬಿಯರ್ ಕೊಡಿ."

ಕ್ಲೆಮ್ ಮಗ್‌ನ ಹಿಡಿಯನ್ನು ಬೆರಳಿಂದ ಸವರಿದ. "ಗಟ್ಟಿಯಾಗಿದೆ," ಎಂದ ಮೆಲ್ಲಗೆ.

ಹೆಡಿಗೆ ನಾಚಿಕೆಯಾಯಿತು. ತಟ್ಟೆಯಲ್ಲಿದ್ದ ಬ್ರೆಡ್ ತುಂಡನ್ನೇ ನೋಡುತ್ತಾ ಕೂತಳು.

ಅಷ್ಟರಲ್ಲಿ ಯಾರೋ ಬಾಗಿಲು ತೆರೆದರು. ಗಾಳಿ ರಪ್ಪನೆ ನುಗ್ಗಿತು. ರಾಯ್ಸ್ ಭುಜ ಕುಗ್ಗಿಸಿಕೊಂಡ.

ಹೆಡಿ ಪಕ್ಕದ ಕುರ್ಚಿಯ ಮೇಲಿದ್ದ ಕೋಟನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಅಲ್ಲಿ ಚಳಿ," ಎಂದಳು. "ಇಲ್ಲಿ ಬಂದು ಕೂತ್ಕೊಳ್ಳಿ."