ಕೋಳಿ ತಿಂದ ಹಿಟ್ಟು

"ಅತ್ತೆ, ನನ್ನ ಹಿಟ್ಟೆಲ್ಲಿ?"

ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಚ್‌ಐವಿ ಮಾತ್ರೆಯ ಜೊತೆಗೆ ಆಸ್ಪತ್ರೆಯವರು ಕೊಟ್ಟ ಪೌಷ್ಟಿಕ ಹಿಟ್ಟಿನ ಚೀಲ ಈ ಸಲವೂ ಖಾಲಿ! ಹೊಲಿಗೆ ಕಾರ್ಖಾನೆಯಲ್ಲಿ ದಿನವಿಡೀ ದುಡಿದು ಬಂದು ಬರೀ ಹೊಟ್ಟೆಗೆ ಮಾತ್ರೆ ನುಂಗಿದರೆ ಕರುಳೇ ಬಾಯಿಗೆ ಬರುತ್ತಿತ್ತು... ಮೈಮೇಲಿನ ರವಿಕೆ ವಾರವಾರಕ್ಕೂ ಸಡಿಲವಾಗುತ್ತಿತ್ತು.

"ಆ ರೋಗದ ಹಿಟ್ಟು ನನ್ನ ಪಾತ್ರೆಗೆ ಬೀಳಬಾರದು," ಎಂದ ಅತ್ತೆ ಮೂಗಿನಲ್ಲೇ ನರ್ಸಮ್ಮನ ರಾಗ ಎಳೆದಳು. "'ಚೆನ್ನಾಗಿ ತಿನ್ನಮ್ಮಾ... ಊಟಾನೂ ಔಷಧೀನೇ ಅಮ್ಮಾ...' ಅಂತೆ! ಅವಳ ಮನೇಲಿ ಬೇಯಿಸಿ ಹಾಕ್ಲಿ!"

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹಿತ್ತಲ ಗೋಡೆಯ ಮೇಲಿಂದ ಇಣುಕಿದಳು. "ಅಕ್ಕಾ, ನಿಮ್ ಕೋಳಿಗೆ ಏನ್ ಹಾಕ್ತೀರಾ? ಬಸುರಿ ಹೆಂಗಸರ ಥರ ನಡೀತಾವಲ್ಲ!"

ಸೊಸೆ ಹಿತ್ತಲಿಗೆ ಇಣುಕಿದಳು. ಕೋಳಿಗಳ ಕೊಕ್ಕಿನ ತುಂಬ ಹಿಟ್ಟು ಮೆತ್ತಿತ್ತು.

"ಕೋಳಿಗೆ...! ನನ್ನ ಜೀವಾನ ಕೋಳಿಗೆ ಹಾಕಿದ್ರಾ ಅತ್ತೆ?"

"ಹೌದು ಕಣೇ, ಹಾಕ್ದೆ! ಆಸ್ಪತ್ರೆಯವರು ಕೊಟ್ಟಿದ್ದು ನುಂಗೀನೇ ನನ್ನ ಮಗ ಹೋದ. ಇನ್ನು ನೀನೂ..." ಮುದುಕಿಯ ದನಿ ಒಡೆಯಿತು.

ಸೊಸೆ ಅಳಲಿಲ್ಲ. "ಅವರು ಮಾತ್ರೆ ನುಂಗಿ ಸಾಯ್ಲಿಲ್ಲ ಅತ್ತೆ, ಬಿಟ್ಟು ಸತ್ರು. ಬರೀ ಹೊಟ್ಟೆಗೆ ನುಂಗೋದು, ಕಕ್ಕೋದು... ಹೊಟ್ಟೆಗೆ ಏನಾದ್ರೂ ಹಾಕಬೇಕು ಅಂತ ಆಗ ಯಾರೂ ಹೇಳ್ಲಿಲ್ಲ. 'ಸಾಕಮ್ಮಾ' ಅಂದಾಗ ನೀವೂ 'ಬಿಡಪ್ಪ' ಅಂದ್ರಿ, ನಾನೂ ಅಂದೆ. ನಾನು ಮಾತ್ರ ಬಿಡಲ್ಲ! ನಿಮ್ಮ ಮೊಮ್ಮಗಳಿಗೆ ಜಡೆ ಹಾಕೋಕೆ ನಾನಿರಬೇಕು."

ಸರಸರನೆ ಹಿತ್ತಲಿಗೆ ಹೋದವಳು, ಅತ್ತೆ ಮುದ್ದಿನಿಂದ 'ರಾಣಿ' ಎಂದು ಕರೆಯುತ್ತಿದ್ದ ದಪ್ಪ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದಳು. "ನನ್ನ ಹಿಟ್ಟೆಲ್ಲ ಇದರ ಮೈಯಲ್ಲಿದೆ. ವಾಪಸ್ ಕೊಡಿ!"

ಅತ್ತೆ ರಾಣಿಯನ್ನು ನೋಡಿದಳು. ಅದನ್ನು ಹಿಡಿದಿದ್ದ ಕಡ್ಡಿಯಂಥ ತೋಳುಗಳನ್ನು ನೋಡಿದಳು... ಮಗನ ತೋಳುಗಳೂ ಕೊನೆಗೆ ಹೀಗೆಯೇ ಇದ್ದವಲ್ಲ! ಕೋಳಿಯನ್ನು ಇಸಿದುಕೊಂಡು ಒಲೆ ಹಚ್ಚಿದಳು.

ರಾಣಿಯ ಸಾರು ಕುದಿದ ಮೇಲೆ ಸೊಸೆ ಅಭ್ಯಾಸಬಲದಿಂದ ಮೂಲೆಯಲ್ಲಿದ್ದ ತನ್ನ ಸೊಟ್ಟ ತಟ್ಟೆಗೆ ಕೈ ಹಾಕಿದಳು. ಅತ್ತೆ ಅದನ್ನು ಕಸಿದು ಕೋಳಿಗೂಡಿನತ್ತ ಎಸೆದಳು. ತನ್ನದೇ ತಟ್ಟೆಗೆ ಬಡಿಸಿ, ಮೊದಲ ತುತ್ತನ್ನು ತಾನು ತಿಂದು, ಎರಡನೆಯದನ್ನು ಸೊಸೆಯ ಬಾಯಿಗಿಟ್ಟಳು. ಮತ್ತೆ ಅದೇ ಮೂಗಿನ ರಾಗ ಎಳೆಯಹೋದಳು...

"ಚೆನ್ನಾಗಿ ತಿನ್ನಮ್ಮಾ..."

ಈ ಸಲ ಅಣಕ ಬರಲಿಲ್ಲ. ಬರೀ ಅಳು ಬಂತು.

ಸೊಸೆ ತುತ್ತು ನುಂಗಿದಳು. ಆಮೇಲೆ ಮಾತ್ರೆ ನುಂಗಿದಳು.

"ನಾಳೆ ಹಿಟ್ಟು ತರೋಕೆ ನೀವೂ ಬನ್ನಿ ಅತ್ತೆ," ಎಂದಳು.